ಕಣ್ಣಾರೆ ಕಂಡದ್ದು

ಕಳೆದ ಓಣಂ ರಜೆಯಲ್ಲಿ ಅಕ್ಕನ ಮಗ ತಿರುವನಂತಪುರದಿಂದ ಮನೆಗೆ ಬಂದಿದ್ದ. ರಾತ್ರಿ ಊಟವಾದ ಮೇಲೆ ಚಾವಡಿಯ ಟಿ.ವಿ.ಗೆ ಪೆನ್‌ಡ್ರೈವ್ ಸಿಕ್ಕಿಸಿ, "ಮಾವ, ಇದೊಂದು ಹಳೆಯ ಇಟಲಿಯ ಸಿನೆಮಾ ಉಂಟು, ಜಾಲ್ಲೊ ಜಾತಿಯದ್ದು, ನೋಡಿ" ಎಂದ. ಜಾಲ್ಲೊ ಎಂದರೆ ಆ ಭಾಷೆಯಲ್ಲಿ ಹಳದಿ. 1929ರಲ್ಲಿ ಮೊಂಡಡೋರಿ ಎಂಬ ಪ್ರಕಾಶನ ಸಂಸ್ಥೆ ಹಳದಿ ರಕ್ಷಾಪುಟದ ಪತ್ತೇದಾರಿ ಕಾದಂಬರಿಗಳ ಮಾಲೆಯನ್ನು ಆರಂಭಿಸಿತು. ಪುಸ್ತಕದ ಬಣ್ಣವೇ ಅಂಥ ಕಥೆಗಳಿಗೂ, ಮುಂದೆ ಅಂಥ ಸಿನೆಮಾಗಳಿಗೂ ಹೆಸರಾಗಿ ನಿಂತಿತು. ಎನ್. ನರಸಿಂಹಯ್ಯನವರನ್ನೂ ಕೋಟ್ಟಯಂ ಪುಷ್ಪನಾಥರನ್ನೂ ಪಠ್ಯಪುಸ್ತಕದ ಮರೆಯಲ್ಲಿ ಓದಿ ಬೆಳೆದ ನಾನು, ಇದೂ ಹಾಗೆಯೇ ಒಂದು ಹೊತ್ತುಗಳೆಯುವ ಸಂಗತಿ ಎಂದುಕೊಂಡು ಕುಳಿತೆ.

ಚಿತ್ರ ದಾರಿಯೊ ಅರ್ಜೆಂತೊ 1970ರಲ್ಲಿ ನಿರ್ದೇಶಿಸಿದ ಮೊದಲ ಕೃತಿ, 'ಸ್ಫಟಿಕದ ಗರಿಯ ಹಕ್ಕಿ'. ರೋಮಿನಲ್ಲಿರುವ ಅಮೆರಿಕದ ಲೇಖಕ ಸ್ಯಾಮ್ ಒಂದು ರಾತ್ರಿ ನಡೆದು ಹೋಗುತ್ತಿರುವಾಗ, ಕಲಾಶಾಲೆಯೊಂದರ ಗಾಜಿನಾಚೆ ಇಬ್ಬರು ಹೋರಾಡುವುದನ್ನು ಕಾಣುತ್ತಾನೆ. ಒಬ್ಬರದು ಕಪ್ಪು ಕೋಟು, ಕಪ್ಪು ಕೈಗವಸು. ಇನ್ನೊಬ್ಬಳು ಬಿಳಿಯುಡುಪಿನ ಹೆಂಗಸು. ನಡುವೆ ಒಂದು ಚೂರಿ. ಕಾಪಾಡಲೆಂದು ಓಡಿದವನು ಎರಡು ಗಾಜಿನ ಬಾಗಿಲುಗಳ ನಡುವೆ ಸಿಕ್ಕಿಬೀಳುತ್ತಾನೆ. ನೆತ್ತರು ಸುರಿಸುತ್ತ ತೆವಳುವ ಆಕೆಯನ್ನು ನೋಡುವುದಲ್ಲದೆ ಬೇರೇನೂ ಅವನಿಂದಾಗದು. ಪೊಲೀಸರಿಗೆ ಅವನೇ ಸಾಕ್ಷಿ. ಆದರೆ ತಾನು ಕಂಡದ್ದರಲ್ಲಿ ಏನೋ ಒಂದು ಸರಿಯಿಲ್ಲವೆಂಬ ಕಸಿವಿಸಿ ಅವನನ್ನು ಬಿಡುವುದಿಲ್ಲ.

ಗುಟ್ಟು ಹೇಳದೆ ನನ್ನ ಪ್ರಶ್ನೆಯನ್ನು ಕೇಳಲಾಗದು. ಚಿತ್ರವನ್ನು ಇನ್ನು ನೋಡಲಿರುವವರು ಕ್ಷಮಿಸಬೇಕು. ಚೂರಿ ಇದ್ದುದು ಆಕೆಯ ಕೈಯಲ್ಲಿ. ಕಪ್ಪು ಕೋಟಿನವನು ಅವಳ ಗಂಡ. ಅದನ್ನು ಕಸಿದುಕೊಳ್ಳಲು ಹೆಣಗುತ್ತಿದ್ದ. ನಗರದ ಕೊಲೆಗಳೆಲ್ಲ ಆಕೆಯವು. ಅವಳೂ ಹತ್ತು ವರ್ಷಗಳ ಹಿಂದೆ ಒಬ್ಬ ಹುಚ್ಚನ ಕೈಗೆ ಸಿಕ್ಕು ಬದುಕಿದವಳು ಎಂಬುದು ಬೇರೆ ಮಾತು; ಗಂಡ ಅವಳನ್ನು ಮರೆಮಾಚಿದ ಅಪರಾಧಿ ಎಂಬುದೂ ಹೌದು.

ಸ್ಯಾಮ್ ಸುಳ್ಳು ಹೇಳಿದನೆ? ಇಲ್ಲ. ಹಾಗಾದರೆ ಸುಳ್ಳು ಹೇಳದವನೂ ತಪ್ಪಿತಸ್ಥನಾಗಬಲ್ಲನೆ?

ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಪ್ರಿಯವಾದುದು. ಅಲ್ಲಿ ದೋಷ ಮಬ್ಬು ಬೆಳಕಿನದು. ದೀಪ ತಂದರೆ ಹಾವು ಮಾಯ. ಆದರೆ ಆ ಕಲಾಶಾಲೆಯಲ್ಲಿ ಹಗಲಿನಂತೆ ದೀಪಗಳು ಉರಿಯುತ್ತಿದ್ದವು. ಸ್ಯಾಮ್ ಎಲ್ಲವನ್ನೂ ಸ್ಪಷ್ಟವಾಗಿಯೇ ಕಂಡ. ಕಪ್ಪು ತೊಟ್ಟವನು ಕೊಲೆಗಾರ, ಬಿಳಿ ತೊಟ್ಟವಳು ಬಲಿ ಎಂಬ ತೀರ್ಪು ಮಾತ್ರ ನೋಟಕ್ಕಿಂತ ಮೊದಲೇ ಸಿದ್ಧವಾಗಿತ್ತು. ನಾನೂ ಹಾಗೆಯೇ ನೋಡಿದೆ. ಇಂಥ ಕತ್ತಲೆಗೆ ಯಾವ ದೀಪ ತರುವುದು?

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರಣ ಸಿನೆಮಾದ ಭಯವಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ನಾನಿದ್ದ ಶಾಖೆಯ ಬಾಗಿಲೂ ಗಾಜಿನದೇ. ಪೆನ್ಶನ್ ಹಣ ಪಡೆದು ಮೆಟ್ಟಿಲಿಳಿಯುತ್ತಿದ್ದ ಒಬ್ಬ ಅಜ್ಜಿಯ ಚೀಲವನ್ನು ಲುಂಗಿಯುಟ್ಟ ಹುಡುಗನೊಬ್ಬ ಹಿಡಿದೆಳೆಯುವುದನ್ನು ಕೌಂಟರಿನಿಂದಲೇ ಕಂಡು "ಕಳ್ಳ!" ಎಂದು ಕೂಗಿದೆ. ಕಾವಲುಗಾರ ಹೋಗಿ ಅವನ ಕೊರಳಪಟ್ಟಿ ಹಿಡಿದು ಒಂದೇಟು ಬಿಗಿದ. ಮ್ಯಾನೇಜರರಿಗೆ "ನಾನು ಕಣ್ಣಾರೆ ಕಂಡೆ ಸಾರ್" ಎಂದವನೂ ನಾನೇ. ಚೀಲದ ಹೊಲಿಗೆ ಬಿಟ್ಟು ನೋಟುಗಳು ಜಾರುತ್ತಿದ್ದವು. ಹುಡುಗ ಅದನ್ನು ಒತ್ತಿಹಿಡಿದಿದ್ದ. ಅವನು ಹೇಳಿದ್ದು ಮಲಯಾಳದಲ್ಲಿ, ಅಜ್ಜಿಗೆ ಬರುತ್ತಿದ್ದುದು ತುಳು ಮಾತ್ರ. ಮೆಟ್ಟಿಲ ಮೇಲೆ ಬಿದ್ದ ನೋಟುಗಳೇ ಕೊನೆಗೆ ಅವನ ಪರವಾಗಿ ಸಾಕ್ಷಿ ಹೇಳಿದವು. ಅವನು ಕೆನ್ನೆ ಸವರುತ್ತ ಮಾತಿಲ್ಲದೆ ಹೋದ. ಕೌಂಟರಿನಲ್ಲಿ ಸಾಲು ಉದ್ದವಿತ್ತು. ನಾನು ಎದ್ದು ಹೋಗಿ ಒಂದು ಮಾತು ಹೇಳಲಿಲ್ಲ.

ಅವನು ನಮ್ಮ ಭಾಷೆಯವನಾಗಿದ್ದರೆ, ಪ್ಯಾಂಟು ತೊಟ್ಟಿದ್ದರೆ, ನನ್ನ ಕಣ್ಣು ಅದೇ ದೃಶ್ಯವನ್ನು ಕಾಣುತ್ತಿತ್ತೆ? ಭಾಷೆಯ ಹೆಸರಿನಲ್ಲಿ ನಮಗಾದ ನೋವನ್ನು ಬಲ್ಲ ನಾವು, ಆ ನೋವೇ ನಮ್ಮ ಕಣ್ಣಿಗೆ ಬಣ್ಣ ಹಚ್ಚಿದೆಯೇ ಎಂದು ಕೇಳಿಕೊಳ್ಳುವುದು ಕಡಿಮೆ.

ಸ್ಯಾಮ್ ಮತ್ತು ನಾನು ಇಬ್ಬರೂ ತಪ್ಪಾಗಿಯೇ ಕಂಡೆವು. ತಪ್ಪು ಕಾಣುವುದು ಮನುಷ್ಯರಿಗೆ ಸಹಜ; ಅದಕ್ಕೆ ಶಿಕ್ಷೆ ವಿಧಿಸಲಾಗದು. ಆದರೆ ಅವನು ತನ್ನ ಕಸಿವಿಸಿಯನ್ನು ಅದುಮಿಡಲಿಲ್ಲ. ಆ ದೃಶ್ಯವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ತೆರೆದು ನೋಡಿದ. ನಾನು ಅಂದಿನ ಲೆಕ್ಕದ ಪುಸ್ತಕದೊಂದಿಗೆ ಅದನ್ನೂ ಮುಚ್ಚಿದೆ. ನನ್ನ ಅಪರಾಧ ಇರುವುದು ಅಲ್ಲಿ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬ್ಯಾಂಕಿನಲ್ಲಿ ನಾವು ಇದನ್ನು ದಿನವೂ ಮಾಡುತ್ತೇವೆ: ಚೆಕ್ಕು ನೆರೆಮನೆಯವರದ್ದೇ ಆದರೂ ಮಾದರಿ ಸಹಿಯೊಂದಿಗೆ ತಾಳೆ ನೋಡದೆ ಹಣ ಕೊಡುವುದಿಲ್ಲ. ಒಂದು ಕಾಗದಕ್ಕೆ ಕೊಡುವ ಈ ಮರ್ಯಾದೆಯನ್ನು ಆ ಹುಡುಗನಿಗೆ ನಾನು ಕೊಡಲಿಲ್ಲ. ಅವನಿಗೆ ಈಗ ಮೂವತ್ತು ದಾಟಿರಬಹುದು. ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವವರಲ್ಲಿ ಅವನೂ ಇದ್ದರೆ, ಅಂದು ಹೇಳದೆ ಉಳಿದ ಆ ಒಂದು ಮಾತನ್ನು ಈ ಕನ್ನಡ ಪುಟದಲ್ಲಿ ಯಾರಾದರೂ ಅವನಿಗೆ ಓದಿ ಹೇಳಲಿ: ತಪ್ಪು ನನ್ನದು.