ಕಲಿಯುವವನ ಋಣ

ಇನ್ನೊಬ್ಬರ ಮೈಯ ಮೇಲೆ ವಿದ್ಯೆ ಕಲಿಯುವವನು ಆ ಮನುಷ್ಯನಿಗೆ ಏನನ್ನು ಕೊಡಬೇಕು? ವೈದ್ಯವಿದ್ಯೆಯಷ್ಟೇ ಹಳೆಯದಾದ ಈ ಪ್ರಶ್ನೆ ಕ್ಯಾನ್ಸರಿನ ಇಮ್ಯುನೋಥೆರಪಿಯ ಕಾಲದಲ್ಲಿ ಮತ್ತೆ ಎದ್ದುನಿಂತಿದೆ. ನಾನು ವೈದ್ಯನಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ನಮ್ಮ ಮಕ್ಕಳು ಇಂಥ ವಿದ್ಯೆ ಕಲಿಯಲು ಹೊರಟಿರುವಾಗ, ನಮ್ಮ ಹಿರಿಯರು ಚಿಕಿತ್ಸೆಗಾಗಿ ಮಂಗಳೂರಿಗೋ ತಲಶ್ಶೇರಿಗೋ ಅಲೆಯುತ್ತಿರುವಾಗ, ಇದು ವೈದ್ಯರ ಪಾಡು ಎಂದು ಸುಮ್ಮನಿರುವುದು ಸರಿಯೆನಿಸದು.

ಈ ಚಿಕಿತ್ಸೆಯ ತಿರುಳು ಇಷ್ಟು. ನಮ್ಮ ರಕ್ತದ ಟಿ-ಕೋಶಗಳು ರೋಗದ ವಿರುದ್ಧ ಹೋರಾಡುವ ಕಾವಲುಗಾರರು. ಅವು ನಮ್ಮ ಮೈಯನ್ನೇ ತಿನ್ನದಂತೆ ಪ್ರಕೃತಿಯು ಅವಕ್ಕೊಂದು ಬ್ರೇಕು ಇಟ್ಟಿದೆ. ಕ್ಯಾನ್ಸರ್ ಆ ಬ್ರೇಕನ್ನೇ ಒತ್ತಿಹಿಡಿದು ಪಾರಾಗುತ್ತದೆ. ಅದನ್ನು ಸಡಿಲಿಸುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ರೋಗಿಯ ಟಿ-ಕೋಶಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ತಿದ್ದಿ, ಮರಳಿ ಮೈಗೆ ಸೇರಿಸುವುದು ಇನ್ನೊಂದು ದಾರಿ, ಹೆಸರು ಕಾರ್-ಟಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು.

ಈ ಸಂಶೋಧನೆಗೆ ತರಬೇತಿ ಪಡೆಯುವ ವಿದ್ಯಾರ್ಥಿಗಳು ಮತ್ತು ಯುವ ವೈದ್ಯರು ಕೋಶಗಳನ್ನು ಬೆಳೆಸಲು, ಜೀನುಗಳನ್ನು ತಿದ್ದಲು, ಅಂಕಿಅಂಶ ಅಳೆಯಲು ಕಲಿಯುತ್ತಾರೆ. ಎಲ್ಲವೂ ಬೇಕಾದದ್ದೇ. ಆದರೆ ದೊಡ್ಡ ಪಾಠಗಳು ರೋಗಿಯ ಹಾಸಿಗೆಯ ಬಳಿಯೇ ಸಿಕ್ಕಿವೆ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರು ವರ್ಷದ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿಗೆ ಕಾರ್-ಟಿ ಕೊಟ್ಟರು. ರಕ್ತ ಕ್ಯಾನ್ಸರಿಗೆ ಅದನ್ನು ಪಡೆದ ಮೊದಲ ಮಗು ಅವಳು. ಎಚ್ಚೆತ್ತ ಕೋಶಗಳು ಎಬ್ಬಿಸಿದ ಜ್ವರದಲ್ಲಿ ಮಗು ಸಾವಿನ ಅಂಚಿಗೆ ಹೋಯಿತು. ಸಂಧಿವಾತಕ್ಕೆ ಕೊಡುವ ಟೊಸಿಲಿಜುಮಾಬ್ ಎಂಬ ಔಷಧ ಅವಳನ್ನು ಉಳಿಸಿತು. ಇಂದು ಕಾರ್-ಟಿ ಕೊಡುವಲ್ಲೆಲ್ಲ ಆ ಔಷಧವನ್ನು ಸಿದ್ಧವಾಗಿಟ್ಟುಕೊಳ್ಳುತ್ತಾರೆ. ಇಲ್ಲಿ ಗುರು ಯಾರು, ಶಿಷ್ಯರು ಯಾರು?

ರೋಗಿಯೇ ಗುರುವಾದರೆ ಅವನಿಗೆ ಸಲ್ಲಬೇಕಾದ ದಕ್ಷಿಣೆ ಸತ್ಯ. ಹೊಸ ಚಿಕಿತ್ಸೆಯ ಮೊದಲ ಹಂತದ ಪ್ರಯೋಗ ಮುಖ್ಯವಾಗಿ ಎಷ್ಟು ಪ್ರಮಾಣ ಸುರಕ್ಷಿತವೆಂದು ತಿಳಿಯಲು ನಡೆಯುತ್ತದೆ. ಈ ರೋಗಿಗೆ ಗುಣ ಸಿಕ್ಕೀತು, ಸಿಗದೆಯೂ ಇದ್ದೀತು. ಮುಂದೆ ಬರುವವರಿಗಂತೂ ದಾರಿಯಾಗುತ್ತದೆ. ಇದನ್ನು ತಿಳಿದು ಅವನು ಕೈ ನೀಡಿದರೆ ಅದು ದಾನ. ತಿಳಿಯದೆ ಕೊಟ್ಟದ್ದನ್ನು ದಾನವೆನ್ನಲಾಗದು, ಅದು ಅವನಿಂದ ಕಸಿದದ್ದು.

ಬ್ಯಾಂಕಿನಲ್ಲಿ ಜಾಮೀನು ನಿಲ್ಲುವವರು ತಮ್ಮ ಭಾಷೆಯಲ್ಲಿ ರುಜು ಹಾಕಿದರೆ, ಪತ್ರದಲ್ಲಿರುವುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ ಎಂದು ಬರೆಸಿಕೊಳ್ಳುವ ಕ್ರಮವಿದೆ. ಕನ್ನಡ, ತುಳು, ಮಲಯಾಳ, ಮರಾಠಿ, ಬ್ಯಾರಿ ಆಡುವ ಈ ಊರಿನಲ್ಲಿ ಆ ಒಂದು ಸಾಲಿಗೆ ಬಹಳ ತೂಕವಿದೆ. ಸಾಲದ ಪತ್ರಕ್ಕೇ ಇಷ್ಟು ಜಾಗ್ರತೆಯಾದರೆ ದೇಹದ ಪತ್ರಕ್ಕೆ ಎಷ್ಟು ಬೇಕು! ರೋಗಿಗೆ ಅರ್ಥವಾಗುವ ಮಾತಿನಲ್ಲೇ ಒಪ್ಪಿಗೆ ಪಡೆಯಬೇಕೆಂದು ನಮ್ಮ ದೇಶದ 2019ರ ಔಷಧ ಪ್ರಯೋಗ ನಿಯಮಗಳೂ ಹೇಳುತ್ತವೆ.

ಭಾಷೆ ಬೇಕಾದದ್ದು ರುಜುವಿಗೆ ಮಾತ್ರವಲ್ಲ. ಕಾರ್-ಟಿ ಪಡೆದವರ ಮೆದುಳಿಗೆ ಬಾಧೆಯಾಗಿದೆಯೇ ಎಂದು ನೋಡಲು ಹತ್ತು ಅಂಕಗಳ ಒಂದು ಪರೀಕ್ಷೆಯಿದೆ. ಇದು ಯಾವ ವರ್ಷ, ಯಾವ ಊರು ಎಂದು ಕೇಳುತ್ತಾರೆ. ಮೂರು ವಸ್ತುಗಳ ಹೆಸರು ಹೇಳಿಸುತ್ತಾರೆ. ಒಂದು ವಾಕ್ಯ ಬರೆಸುತ್ತಾರೆ. ನೂರರಿಂದ ಹತ್ತು ಹತ್ತು ಕಳೆಯುತ್ತ ಎಣಿಸಲು ಹೇಳುತ್ತಾರೆ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಅಜ್ಜಿ ಇಂಗ್ಲಿಷ್ ಪ್ರಶ್ನೆಗೆ ತಡವರಿಸಿದರೆ, ಅದು ಔಷಧದ ಬಾಧೆಯೋ ಭಾಷೆಯ ತೊಡಕೋ? ಕಲಿಯುವ ವೈದ್ಯನಿಗೆ ಇದನ್ನು ಯಾವ ಸೂಕ್ಷ್ಮದರ್ಶಕವೂ ಹೇಳಿಕೊಡದು.

ಇಲ್ಲಿ ಮನೆಯವರಾದ ನಮ್ಮ ಪಾಲೂ ಇದೆ. ‘ಅವರಿಗೆ ಹೇಳಬೇಡಿ ಡಾಕ್ಟ್ರೇ, ಧೈರ್ಯಗೆಟ್ಟಾರು’ ಎನ್ನುವುದು ನಮ್ಮಲ್ಲಿ ರೂಢಿ. ಅದರ ಹಿಂದಿರುವುದು ಪ್ರೀತಿಯೇ. ಆದರೆ ಬ್ರೇಕು ಸಡಿಲಿಸುವ ಔಷಧಗಳಿಂದ ತಿಂಗಳುಗಳ ಬಳಿಕವೂ ಭೇದಿ, ಕೆಮ್ಮು, ಉಬ್ಬಸ ಬರಬಹುದು. ಬೇಗ ತಿಳಿದರೆ ಅದಕ್ಕೆ ಮದ್ದುಂಟು. ತನಗೆ ಕೊಟ್ಟದ್ದೇನೆಂದು ಅರಿಯದ ಹಿರಿಯರು ಅದನ್ನು ಊಟದ ದೋಷವೆಂದು ಸುಮ್ಮನಿದ್ದುಬಿಟ್ಟಾರು. ಮರೆಮಾಚಿದ ಪ್ರೀತಿ ಅಲ್ಲಿ ಪ್ರಾಣಕ್ಕೇ ಎರವಾದೀತು. ಎಷ್ಟು ಹೇಳಬೇಕು, ಯಾವಾಗ, ಹೇಗೆ ಎಂಬ ವಿವೇಕ ಬೇಕೇ ಬೇಕು, ಅದನ್ನೂ ಕಲಿಸಬೇಕು.

ಇದಕ್ಕೆಲ್ಲ ಹೊತ್ತೆಲ್ಲಿದೆ, ಸಂಶೋಧನೆ ನಿಧಾನವಾಗದೇ ಎಂದು ಕೇಳುವವರಿದ್ದಾರೆ. ಆಗಬಹುದು. ಆ ನಿಧಾನವೇ ಕಲಿಯುವವನು ತೀರಿಸುವ ಋಣ. ನಾಲ್ಕು ನುಡಿ ಕೇಳಿ ಬೆಳೆದ ಗಡಿನಾಡಿನ ಮಕ್ಕಳಿಗಂತೂ ಇದು ಅಷ್ಟೇನೂ ಕಷ್ಟವಲ್ಲ. ಪ್ರಯೋಗಾಲಯದ ಕೆಲಸಕ್ಕೆ ಅಂಕ ಕೊಡುವ ತರಬೇತಿಯಲ್ಲಿ, ರೋಗಿಗೆ ಅವನ ಭಾಷೆಯಲ್ಲಿ ತಿಳಿಯಹೇಳಿದ್ದಕ್ಕೂ ಅಂಕವಿರಲಿ. ತಿಳಿಯಿತೋ ಇಲ್ಲವೋ ಎಂದು ರೋಗಿಯನ್ನೇ ಕೇಳಿ ಆ ಅಂಕ ಹಾಕಲಿ.