ಯಾವ ಕಾಲಿನ ಮೇಲೆ?

ಬೂದಿಕೋಟೆಯಲ್ಲಿ ಹುಟ್ಟಿದ ಹೈದರನ ಸೀಮೆಯವನಾಗಿಯೂ ನಾನು ಕುದುರೆ ಹತ್ತಿದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಕೋಲಾರದ ಕಾಲೇಜಿನಲ್ಲಿ ಹಳಗನ್ನಡ ಹೇಳುವವನಿಗೆ ಈ ಹುಚ್ಚೇಕೆ ಎಂದು ಮಿತ್ರರು ಕೇಳಿದರು. ವೈದ್ಯರು ನಡೆಯಲು ಹೇಳಿದ್ದರು. ನಡೆಯುವ ಕೆಲಸವನ್ನು ಕುದುರೆಗೆ ವಹಿಸಿದ್ದೇನೆ ಎಂದೆ.

ಮಾಲೂರಿನ ಕಡೆಯ ಒಂದು ತೋಟದಲ್ಲಿ ಭಾನುವಾರದ ಪಾಠ. ಕುಕ್ಕುಲೋಟದಲ್ಲಿ, ಎಂದರೆ ಟ್ರಾಟಿನಲ್ಲಿ, ಕುದುರೆಯ ಕಾಲುಗಳು ಓರೆಯಾಗಿ ಜೋಡಿಗೂಡುತ್ತವೆ: ಬಲ ಮುಂಗಾಲಿಗೆ ಎಡ ಹಿಂಗಾಲು, ಎಡ ಮುಂಗಾಲಿಗೆ ಬಲ ಹಿಂಗಾಲು. ಎರಡೇ ತಾಳ. ಸವಾರ ಒಂದು ತಾಳಕ್ಕೆ ಜೀನಿನಿಂದ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ಕೂರುವ ಭಾರವೆಲ್ಲ ಒಂದೇ ಜೋಡಿಯ ಪಾಲು. ಇದಕ್ಕೆ ಡಯಾಗನಲ್ ಎಂದು ಹೆಸರು. 'ಕರ್ಣ' ಎನ್ನಬಹುದಿತ್ತು, ಕುದುರೆ ಕಿವಿ ನಿಮಿರಿಸೀತೆಂದು ಬಿಟ್ಟಿದ್ದೇನೆ. ಎಡಕ್ಕೆ ಸುತ್ತುವಾಗ ಹೊರಗಿನ ಬಲ ಮುಂಗಾಲು ಮುಂದೆ ಚಾಚಿದಾಗ ಏಳುವುದು, ಅದು ನೆಲದ ಮೇಲಿರುವಾಗ ಕೂರುವುದು. ದಿಕ್ಕು ಬದಲಾದರೆ ಒಂದು ತಾಳ ಹೆಚ್ಚಾಗಿ ಕೂತು ಜೋಡಿ ಬದಲಿಸಬೇಕು. ಇಷ್ಟಕ್ಕೇ ನನಗೆ ಎರಡು ತಿಂಗಳು ಹಿಡಿಯಿತು. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡುವ ಹುಡುಗನಂತೆ ಕುದುರೆಯ ಭುಜವನ್ನು ಕದ್ದು ನೋಡಿಯೇ ಏಳುತ್ತಿದ್ದೆ.

ಸುತ್ತಿನಲ್ಲಿ ತಪ್ಪಿದರೆ ಗುರುಗಳು ಕೂಗುತ್ತಾರೆ. ತೊಡಕಿರುವುದು ನೇರ ದಾರಿಯಲ್ಲಿ. ನೀಲಗಿರಿ ತೋಪಿನ ಪಕ್ಕದ ಮಣ್ಣುದಾರಿಗೆ ಬಿಟ್ಟ ದಿನ, "ಇಲ್ಲಿ ಯಾವುದು ಸರಿ?" ಎಂದು ಕೇಳಿದೆ. "ಎರಡೂ ಸರಿ. ಆದರೆ ಒಂದರ ಮೇಲೆಯೇ ಕೂತಿರಬೇಡಿ," ಎಂದರು. ನಾನಾದರೋ ನನಗೆ ಹಿತವಾದ ಜೋಡಿಯ ಮೇಲೆಯೇ ಹೋಗಿ ಬಂದೆ. ಏನೂ ತೋರಲಿಲ್ಲ. ತೋರುವುದಾದರೂ ಹೇಗೆ? ಹೊರುವವನು ನಾನಲ್ಲವಲ್ಲ! ಇದೇ ರೂಢಿಯಾದರೆ ಕುದುರೆಯ ಮೈ ಒಂದು ಕಡೆಗೆ ಬಿಗಿದು, ತಿರುಗಲು ಹಿಂಜರಿಯುತ್ತದೆ. ಆಗ ಸವಾರ ಅದನ್ನು ಮೊಂಡು ಕುದುರೆ ಎನ್ನುತ್ತಾನೆ.

ಪ್ರತಿ ಹೆಜ್ಜೆಯೂ ಸರಿಯಾಗಿದ್ದು ಪಯಣವೇ ಅನ್ಯಾಯವಾಗಬಹುದೆ? ನಮ್ಮ ನೀತಿವಿಚಾರ ಬಹುಮಟ್ಟಿಗೆ ಒಂದೊಂದು ಕ್ರಿಯೆಯನ್ನು ಬೇರೆಬೇರೆಯಾಗಿ ತಕ್ಕಡಿಯಲ್ಲಿಡುತ್ತದೆ. ಪಾಪವಲ್ಲದ ಸಾವಿರ ಕ್ರಿಯೆಗಳ ಮೊತ್ತವನ್ನು ಯಾವ ಖಾತೆಯಲ್ಲಿ ಬರೆಯುವುದು?

ನಮ್ಮ ತಾಯಿ ಮುಳಬಾಗಿಲಿನಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಆರು ವರ್ಷವಾಯಿತು. ಮೌಲ್ಯಮಾಪನ, ಮಗಳ ಪರೀಕ್ಷೆ, ಮನೆಯ ದುರಸ್ತಿ... "ಈ ತಿಂಗಳು ಅಲ್ಲೇ ಇರಲಿ" ಎಂದಾಗಲೆಲ್ಲ ನಾನು ಕೊಟ್ಟ ಕಾರಣ ನಿಜವಾಗಿತ್ತು. ಒಂದೂ ಸುಳ್ಳಲ್ಲ. ಹೋದ ದೀಪಾವಳಿಗೆ ಅಲ್ಲಿಗೆ ಹೋದಾಗ ತಮ್ಮನ ಹೆಂಡತಿ ಎರಡು ಮಾತು ಬಿರುಸಾಗಿ ಆಡಿದಳು. "ಆಕೆಯದು ಸ್ವಲ್ಪ ಮೊಂಡು ಸ್ವಭಾವ" ಎಂದು ದಾರಿಯಲ್ಲಿ ನನ್ನ ಹೆಂಡತಿಗೆ ಹೇಳಿದವನು ನಾನೇ.

ಮೊನ್ನೆ ತಮ್ಮನಿಗೆ ಫೋನ್ ಮಾಡಿ, ಬರುವ ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಲು ಬರುತ್ತೇನೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಯಾಕಣ್ಣ, ಏನಾಯಿತು?" ಎಂದ.