ಮೊದಲ ಮೂರು ಸಾಲು

ನಮ್ಮ ಕಾಲೇಜಿನ ತರಗತಿಗಳು ಹಿಂದಿನಿಂದ ತುಂಬುತ್ತ ಬರುತ್ತವೆ. ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಗೆ ಇರುವ ನೂಕುನುಗ್ಗಲು ಇಲ್ಲಿ ಗೋಡೆಗೆ ತಾಗಿದ ಕೊನೆಯ ಬೆಂಚಿಗೆ. ಇಪ್ಪತ್ತು ವರ್ಷಗಳಿಂದ ನಾನು ಮುಂದಿನ ಖಾಲಿ ಬೆಂಚುಗಳನ್ನು ದಾಟಿ ಹಿಂದಿನವರಿಗೆ ಕೇಳಲೆಂದು ಗಂಟಲೇರಿಸಿ ಪಂಪನನ್ನೂ ಹರಿಹರನನ್ನೂ ಪಾಠ ಹೇಳುತ್ತಿದ್ದೇನೆ. ಇದು ಲೋಕದ ಸಹಜಧರ್ಮ ಎಂದೇ ನಂಬಿಕೊಂಡಿದ್ದೆ.

ಈಚೆಗೆ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಮ್ಮ ಫಿಸಿಕಲ್ ಡೈರೆಕ್ಟರು ಪ್ಯಾಟ್ ಸಮಿಟ್ ಎಂಬಾಕೆಯ ವಿಷಯ ಹೇಳಿದರು. ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಹುಡುಗಿಯರಿಗೆ 38 ವರ್ಷ ಬ್ಯಾಸ್ಕೆಟ್‌ಬಾಲ್ ಕಲಿಸಿದವರು. ಅವರ ತಂಡದ ಹುಡುಗಿ ಯಾವ ತರಗತಿಗೇ ಹೋಗಲಿ, ಮೊದಲ ಮೂರು ಸಾಲಿನೊಳಗೆ ಕೂರತಕ್ಕದ್ದು. ತಕ್ಕ ಕಾರಣವಿಲ್ಲದೆ ಪಾಠ ತಪ್ಪಿಸಿದರೆ ಪಂದ್ಯದ ದಿನ ಆಟವಿಲ್ಲ. “ಆಟ ಕಲಿಸುವವರಿಗೆ ಪಾಠದ ಗೊಡವೆ ಯಾಕೆ ಸ್ವಾಮಿ?” ಎಂದು ನಾನು ನಕ್ಕೆ. ಅವರು ನಗಲಿಲ್ಲ. ಮರುದಿನ ಆಕೆಯ ಆತ್ಮಕಥೆಯನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದರು.

ಆಟದ ಪುಸ್ತಕವೆಂದು ಉದಾಸೀನದಿಂದಲೇ ತೆರೆದೆ. 1952ರಲ್ಲಿ ಒಕ್ಕಲುತನದ ಮನೆಯಲ್ಲಿ ಆಕೆಯ ಹುಟ್ಟು. ಹಸು ಕರೆಯುವುದು, ಹುಲ್ಲು ಒಟ್ಟುವುದು, ಹೊಗೆಸೊಪ್ಪಿನ ಕೆಲಸ, ಎಲ್ಲದರಲ್ಲೂ ಮೂವರು ಅಣ್ಣಂದಿರಿಗೆ ಸಮನಾಗಿ ದುಡಿಮೆ. ಸಂಜೆ ಹುಲ್ಲಿನ ಅಟ್ಟದ ಮೇಲೆ ಆ ಅಣ್ಣಂದಿರೊಡನೆಯೇ ಆಟ. ತಂದೆ ಪ್ರೀತಿಯನ್ನು ಬಾಯಲ್ಲಿ ಆಡಿದವನಲ್ಲ. ಆದರೆ ಊರಿನ ಹೈಸ್ಕೂಲಿನಲ್ಲಿ ಹುಡುಗಿಯರ ತಂಡವಿಲ್ಲವೆಂದು ತಿಳಿದಾಗ, ತಂಡವಿದ್ದ ಪಕ್ಕದ ಜಿಲ್ಲೆಗೆ ಸಂಸಾರವನ್ನೇ ಸಾಗಿಸಿದ. ಈ ಒಂದು ಸಂಗತಿಯನ್ನು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಮಗಳ ಆಟಕ್ಕಾಗಿ ಮನೆ ಬದಲಿಸಿದ ತಂದೆಯನ್ನು ನಾನು ಕಂಡಿಲ್ಲ. ಮಗಳ ಆಟ ನಿಲ್ಲಿಸಿದ ತಂದೆಯರನ್ನು ಬೇಕಾದಷ್ಟು ಬಲ್ಲೆ.

1974ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಆಕೆ ಟೆನ್ನೆಸ್ಸೀ ತಂಡದ ಮುಖ್ಯ ತರಬೇತುದಾರರಾದರು. ತಂಡದ ಕೆಲವರಿಗೂ ಆಕೆಗೂ ಒಂದೇ ವರ್ಷದ ಅಂತರ. ಸಂಬಳ ತಿಂಗಳಿಗೆ 250 ಡಾಲರು. ಊರೂರಿಗೆ ವ್ಯಾನು ಓಡಿಸುವವರು ಆಕೆ, ಹುಡುಗಿಯರ ಬೆವರಿನ ಬಟ್ಟೆ ಒಗೆಯುವವರೂ ಆಕೆ. ಆ ಬಟ್ಟೆಯಾದರೂ ಡೋನಟ್ ಎಂಬ ಸಿಹಿತಿಂಡಿ ಮಾರಿ ಕೂಡಿಸಿದ ಹಣದಲ್ಲಿ ಕೊಂಡದ್ದು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಗಂಡುಹೆಣ್ಣೆಂದು ಭೇದ ಮಾಡಕೂಡದೆಂಬ ಕಾನೂನು ಅಲ್ಲಿ 1972ರಲ್ಲೇ ಬಂದಿತ್ತು. ಹಣ ಮಾತ್ರ ಕಾನೂನಿನ ಹಿಂದೆ ಬಹಳ ನಿಧಾನವಾಗಿ ನಡೆದು ಬಂತು. ಮೊದಲ ಪಂದ್ಯದಲ್ಲಿ ಆಕೆಗೆ ಒಂದು ಅಂಕದಿಂದ ಸೋಲು. ಮುಂದಿನ ಲೆಕ್ಕ ಪ್ರಸಿದ್ಧವಾದದ್ದು: 1098 ಗೆಲವು, 208 ಸೋಲು, 8 ರಾಷ್ಟ್ರೀಯ ಪ್ರಶಸ್ತಿ. 1976ರ ಒಲಿಂಪಿಕ್ಸಿನಲ್ಲಿ ಆಟಗಾರ್ತಿಯಾಗಿ ಬೆಳ್ಳಿ, 1984ರಲ್ಲಿ ಗುರುವಾಗಿ ಚಿನ್ನ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಲೆಕ್ಕವಲ್ಲ. ಆ ಕಾಲದಲ್ಲಿ ಟೆನ್ನೆಸ್ಸೀಯ ಹೈಸ್ಕೂಲುಗಳಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲಿಗೆ ಬೇರೆಯೇ ನಿಯಮವಿತ್ತು. ತಂಡಕ್ಕೆ ಐವರ ಬದಲು ಆರು ಜನ. ಮೂವರು ಅಂಕಣದ ಈ ಅರ್ಧದಲ್ಲಿ, ಮೂವರು ಆ ಅರ್ಧದಲ್ಲಿ. ನಡುವಿನ ಗೆರೆಯನ್ನು ಯಾರೂ ದಾಟಕೂಡದು. ಕಾಪಾಡುವವಳಿಗೆ ಚೆಂಡನ್ನು ಬುಟ್ಟಿಗೆ ಹಾಕುವ ಸುಖ ಒಮ್ಮೆಯೂ ಇಲ್ಲ. ಇಂಥ ನಿಯಮದ ಬೇರಿನಲ್ಲಿದ್ದದ್ದು ದ್ವೇಷವಲ್ಲ, ಕನಿಕರ. ಹೆಣ್ಣುಮಕ್ಕಳು, ಪಾಪ, ಇಡೀ ಅಂಕಣ ಓಡಿದರೆ ದಣಿದಾರು ಎಂಬ ಕಾಳಜಿ! ಸಮಿಟ್ ಈ ಕನಿಕರವನ್ನು ಸಹಿಸಲಿಲ್ಲ. ಈ ಪದ್ಧತಿ ಹೋಗುವವರೆಗೆ ತಮ್ಮದೇ ರಾಜ್ಯದ ಶಾಲೆಗಳಿಂದ ಆಟಗಾರ್ತಿಯರನ್ನು ಆರಿಸುವುದಿಲ್ಲವೆಂದು ಪಟ್ಟು ಹಿಡಿದರು. 1979ರಲ್ಲಿ ಗೆರೆ ಅಳಿಸಿತು.

ಈಗ ನನ್ನ ಕಥೆಯನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಬಡ್ಡಿ ಆಡುವ ಒಬ್ಬ ಹುಡುಗಿಯಿದ್ದಳು. ಹಾಜರಿ ನೂರಕ್ಕೆ ಎಪ್ಪತ್ತೈದಿಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಆಕೆಯದು ಮೂವತ್ತೂ ಇರಲಿಲ್ಲ. “ಪಂದ್ಯಕ್ಕೆ ಹೋಗಿದ್ದೆ ಸಾರ್” ಎಂದು ಬಾಗಿಲಲ್ಲಿ ನಿಂತಳು. ಎಷ್ಟು ದಿನ ಪಂದ್ಯ, ಎಷ್ಟು ದಿನ ಸುಮ್ಮನೆ ಎಂದು ನಾನು ಕೇಳಲಿಲ್ಲ. ಹಳ್ಳಿಯಿಂದ ಬರುವವಳು, ಬಡವಳು, ಹೋಗಲಿ ಎಂದು ಹಾಜರಿ ಹಾಕಿಕೊಟ್ಟೆ. ಆಂತರಿಕ ಅಂಕವನ್ನೂ ಕೊಟ್ಟೆ. ಅಂದು ಮನೆಗೆ ಹೋಗುವಾಗ ನನ್ನ ಬಗ್ಗೆ ನನಗೇ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಕಳೆದ ವರ್ಷ ಬಟ್ಟೆಯಂಗಡಿಯೊಂದರಲ್ಲಿ ಸೀರೆ ಮಡಿಸುತ್ತಿದ್ದವಳು ಎದ್ದು ನಮಸ್ಕಾರ ಮಾಡಿದಳು. ಗುರುತು ಹತ್ತಲು ಹೊತ್ತಾಯಿತು. ಬಿ.ಎ. ಮುಗಿಯಲಿಲ್ಲವಂತೆ, ಆಟವೂ ಬಿಟ್ಟುಹೋಯಿತಂತೆ. ಅಂಗಡಿಯ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ನನ್ನ ಜೊತೆಗಿದ್ದ ಹೆಂಡತಿಗೆ ಅವಳು ನನ್ನನ್ನು ಹೊಗಳಿದ ಬಗೆಯನ್ನು ಹೇಳುತ್ತಿದ್ದೇನೆ: “ನಮ್ಮ ಸಾರು ತುಂಬಾ ಒಳ್ಳೆಯವರು ಅಮ್ಮಾ. ಯಾವತ್ತೂ ಏನೂ ಕೇಳುತ್ತಿರಲಿಲ್ಲ.” ಆ ಹೊಗಳಿಕೆಯಲ್ಲಿ ಒಂದಿಷ್ಟೂ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಅವಳಿಗೆ ಮಾಡಿದ್ದು ದಯೆಯೆ? ದಾಕ್ಷಿಣ್ಯಕ್ಕೆ ಬಸುರಾದವಳ ಗಾದೆಯನ್ನು ಇಲ್ಲಿ ಪೂರ್ತಿ ಹೇಳುವುದು ಸಭ್ಯವಲ್ಲ, ಓದುಗರಿಗೆ ಗೊತ್ತೇ ಇದೆ. ಅವಳಿಂದ ಆಗುವುದು ಇಷ್ಟೇ ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಆ ತೀರ್ಮಾನಕ್ಕೆ ಕನಿಕರವೆಂದು ಹೆಸರಿಟ್ಟಿದ್ದೆ. ಅಂಕಣದ ನಡುವೆ ಗೆರೆ ಎಳೆದವರೂ ಮಾಡಿದ್ದು ಅದನ್ನೇ. ಅಲ್ಲದೆ, ನನ್ನ ಔದಾರ್ಯಕ್ಕೆ ನನಗೆ ತಗುಲಿದ ವೆಚ್ಚ ಪೆನ್ನಿನ ಮಸಿಯಷ್ಟೆ. ಸಮಿಟ್ ತಮ್ಮ ನಿಯಮವನ್ನು ನಡೆಸಬೇಕಾದರೆ ಒಳ್ಳೆಯ ಆಟಗಾರ್ತಿಯನ್ನು ಪಂದ್ಯದ ದಿನ ಹೊರಗೆ ಕೂರಿಸಬೇಕು. ಸೋತರೆ ಆ ಸೋಲು ಆಕೆಯ ಲೆಕ್ಕಕ್ಕೇ ಜಮೆ. ಆಕೆಯ ಬಳಿ ನಾಲ್ಕು ವರ್ಷ ಪೂರ್ತಿ ಆಡಿದವರೆಲ್ಲರೂ, ಒಬ್ಬಳೂ ತಪ್ಪದೆ, ಪದವಿ ಪಡೆದರು. 1098ಕ್ಕಿಂತ ಇದು ದೊಡ್ಡ ಸಂಖ್ಯೆಯೆಂದು ನನಗೆ ತೋರುತ್ತದೆ.

ಆದರೂ ಒಂದು ಅನುಮಾನ ಬಿಡದು. ನಿಷ್ಠುರತೆಯೆಲ್ಲ ಪ್ರೀತಿಯೆಂದು ಒಪ್ಪಿದರೆ ಬೆತ್ತ ಹಿಡಿದ ಪ್ರತಿಯೊಬ್ಬ ಮೇಷ್ಟ್ರೂ ಮಹಾತ್ಮನಾದಾನು. ನಿನ್ನ ಒಳ್ಳೆಯದಕ್ಕೇ ಎಂದು ಹೇಳಿ ಹೊಡೆದವರ ಕೈಯ ನೆನಪು ನನ್ನ ಅಂಗೈಗೂ ಇದೆ. ಸಮಿಟ್ ಅವರ ನೋಟಕ್ಕೆ ಹುಡುಗಿಯರು ನಡುಗುತ್ತಿದ್ದರು. ತಂಡದ ನಡತೆ ಮನಸ್ಸಿಗೆ ಬಾರದಾಗ ಅವರನ್ನು ಅವರದೇ ಉಡುಪಿನ ಕೋಣೆಯಿಂದ ಹೊರಹಾಕಿ ಬೀಗ ಹಾಕಿದ್ದೂ ಉಂಟು. ತಾಳಲಾರದೆ ಬಿಟ್ಟುಹೋದವರೂ ಇದ್ದರು. ಗೆಲವಿನ ಚರಿತ್ರೆಯಲ್ಲಿ ಅವರ ಮಾತಿಗೆ ಎಡೆ ಕಡಮೆ. ಆಕೆ ಸೋತಿದ್ದರೆ ಇದನ್ನೇ ನಾವು ಕ್ರೌರ್ಯವೆನ್ನುತ್ತಿದ್ದೆವೋ ಏನೋ. ಗೆಲವು ಇದಕ್ಕೆ ಸಾಕ್ಷಿಯಾಗಲಾರದು. ಬೇರೆ ಸಾಕ್ಷಿ ಬೇಕು.

ಅದು ದೊರೆತದ್ದು ಆಕೆಯ ಕೊನೆಯ ವರ್ಷಗಳಲ್ಲಿ. 2011ರ ಆಗಸ್ಟಿನಲ್ಲಿ, ಐವತ್ತೊಂಬತ್ತನೆಯ ವಯಸ್ಸಿಗೇ, ಅಲ್‌ಜೈಮರ್ ಎಂಬ ಮರೆವಿನ ರೋಗ ತಮ್ಮನ್ನು ಹಿಡಿದಿದೆಯೆಂದು ಆಕೆ ಲೋಕಕ್ಕೆ ತಿಳಿಸಿದರು. ಮರೆಮಾಚಲಿಲ್ಲ. ಇನ್ನೂ ಒಂದು ವರ್ಷ ಅಂಕಣದ ಬದಿಯಲ್ಲೇ ಕೂತರು; ಜೊತೆಯವರು ಭಾರ ಹೊತ್ತರು. 2012ರ ಏಪ್ರಿಲಿನಲ್ಲಿ ಸ್ಥಾನ ಬಿಟ್ಟಾಗ ಅಲ್ಲಿಗೆ ಬಂದ ಹಾಲಿ ವಾರ್ಲಿಕ್ ಹಿಂದೆ ಆಕೆಯ ಕೈಕೆಳಗೇ ಆಡಿದ ಹುಡುಗಿ, ಬಹುಕಾಲ ಆಕೆಯ ಸಹಾಯಕಿ. 2016ರ ಜೂನಿನಲ್ಲಿ, ಅರವತ್ತನಾಲ್ಕರಲ್ಲಿ, ಆಕೆ ತೀರಿಕೊಂಡರು. ಆ ಕೊನೆಯ ದಿನಗಳಲ್ಲಿ ಹಳೆಯ ಶಿಷ್ಯೆಯರು ನೋಡಲು ಬಂದರು. ಗೆಲವುಗಳು ಗೆದ್ದಾಕೆಯ ಮನಸ್ಸಿನಿಂದ ಜಾರಿದ್ದುವು. ಒಂದು ಕಾಲದಲ್ಲಿ ಆಕೆಯ ನೋಟಕ್ಕೆ ನಡುಗಿದವರು ಈಗ ಅವನ್ನೆಲ್ಲ ನೆನಪಿನಲ್ಲಿ ಹೊತ್ತುಕೊಂಡು ಆಕೆಯ ಹಾಸಿಗೆಯ ಬಳಿ ನಿಂತರು. ಬೆತ್ತದ ಮೇಷ್ಟ್ರ ಮನೆಗೆ ನಾನು ಒಮ್ಮೆಯೂ ಹೋಗಲಿಲ್ಲ.

ಪುಸ್ತಕ ಮುಗಿಸಿದ ಸೋಮವಾರ ತರಗತಿಗೆ ಹೋಗಿ, ಎಲ್ಲರೂ ಮುಂದೆ ಬಂದು ಕೂತುಕೊಳ್ಳಿ ಎಂದೆ. ಯಾರೂ ಅಲ್ಲಾಡಲಿಲ್ಲ. ಮತ್ತೆ ಹೇಳಿದೆ. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಯಾಕೆ ಸಾರ್, ಇವತ್ತು ನ್ಯಾಕ್‌ನವರು ಬರುತ್ತಾರಾ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ನಾನು ಸುಮ್ಮನೆ ನಿಂತೇ ಇದ್ದುದನ್ನು ಕಂಡು ಒಬ್ಬೊಬ್ಬರಾಗಿ ಪುಸ್ತಕ ಎತ್ತಿಕೊಂಡು ಬಂದರು. ಮೂರನೆಯ ಸಾಲು ತುಂಬಿತು, ಎರಡನೆಯದರಲ್ಲಿ ನಾಲ್ವರು ಕೂತರು. ಮೊದಲನೆಯದು ಇನ್ನೂ ಖಾಲಿಯಿದೆ.